ಮನೆ ನಮ್ಮದು, ನೆಲ ದಂಡಿನದು: ಕಂಟೋನ್ಮೆಂಟ್ ಜಮೀನಿನ ಹಳೆ ಲೆಕ್ಕ

ಕಂಟೋನ್ಮೆಂಟಿನ, ಅಂದರೆ ಸೈನ್ಯದ ನೆಲೆಯ, ಹಳೆ ಬಂಗಲೆಗಳಲ್ಲಿ ಇರುವವರಿಗೆ ಒಂದು ಚಿಂತೆ ತಪ್ಪಿದ್ದಲ್ಲ. ಗೋಡೆ, ಚಾವಣಿ ಅವರದು. ನೆಲ ಮಾತ್ರ ಸರ್ಕಾರದ್ದು.

ಇದರ ಬೇರು 1836ರ ಸೆಪ್ಟೆಂಬರ್ 12ರ ಆದೇಶದಲ್ಲಿದೆ. ಸೈನ್ಯದ ಅಧಿಕಾರಿಗಳಿಗೆ ಮನೆ ಬೇಕಿತ್ತು, ಈಸ್ಟ್ ಇಂಡಿಯಾ ಕಂಪನಿಗೆ ಕಟ್ಟಿಸುವ ಖರ್ಚು ಬೇಡವಾಗಿತ್ತು. ಹಾಗಾಗಿ ಬಂಗಾಳ ಸೈನ್ಯದ ನೆಲೆಗಳಲ್ಲಿ ಜಾಗ ಕೊಟ್ಟು, ನೀವೇ ಕಟ್ಟಿಕೊಳ್ಳಿ ಎಂದರು. ಷರತ್ತು ಬಿಗಿಯಾಗಿತ್ತು: ಒಂದು ತಿಂಗಳ ನೋಟಿಸ್ ಕೊಟ್ಟು, ಒಪ್ಪಿಗೆ ಪಡೆದು ಕಟ್ಟಿದ ಕಟ್ಟಡದ ಬೆಲೆ ತೆತ್ತು, ಸರ್ಕಾರ ಯಾವಾಗ ಬೇಕಾದರೂ ಜಾಗ ವಾಪಸ್ ಪಡೆಯಬಹುದು. ಮನೆ ಮಾರಬಹುದು, ನೆಲ ಮಾರುವಂತಿಲ್ಲ. ಇದೇ 'ಓಲ್ಡ್ ಗ್ರಾಂಟ್'. ಮುಂದೆ ಮನೆಗಳು ವ್ಯಾಪಾರಿಗಳ, ವಕೀಲರ ಕೈಗೆ ಬಂದವು. ಷರತ್ತು ಜೊತೆಗೇ ಬಂತು.

ನೂರು ವರ್ಷದ ನಂತರ ಲೆಕ್ಕ ಇನ್ನೂ ಜಟಿಲವಾಯಿತು. 1935ರ ಭಾರತ ಸರ್ಕಾರ ಕಾಯ್ದೆ ಪ್ರಾಂತ್ಯಗಳಿಗೆ ತಮ್ಮದೇ ಸರ್ಕಾರ ಕೊಟ್ಟಿತು. ಸರ್ಕಾರಿ ಆಸ್ತಿಯನ್ನೂ ಹಂಚಬೇಕಾಯಿತು: ಕೇಂದ್ರದ ಕೆಲಸಕ್ಕೆ ಬಳಕೆಯಲ್ಲಿದ್ದದ್ದು ಕೇಂದ್ರಕ್ಕೆ, ಉಳಿದದ್ದು ಪ್ರಾಂತ್ಯಕ್ಕೆ. ಸೈನ್ಯದ ಜಾಗ ಎಷ್ಟು, ಅದರಲ್ಲಿ ನಿಜಕ್ಕೂ ಸೈನ್ಯಕ್ಕೆ ಬೇಕಾದದ್ದು ಎಷ್ಟು? ಇದನ್ನು ಕಾಗದದ ಮೇಲೆ ತೋರಿಸಲೇಬೇಕಿತ್ತು.

1937ರ ಕಂಟೋನ್ಮೆಂಟ್ ಜಮೀನು ನಿಯಮಗಳ ಜನರಲ್ ಲ್ಯಾಂಡ್ ರಿಜಿಸ್ಟರ್, ಅಂದರೆ ಜಮೀನಿನ ದಾಖಲೆ ಪುಸ್ತಕ, ಮಾಡಿದ್ದು ಇದನ್ನೇ. ಒಂದೊಂದು ಸರ್ವೆ ನಂಬರಿಗೂ ಒಂದು ಸಾಲು: ವಿಸ್ತೀರ್ಣ, ವರ್ಗ, ನಿರ್ವಹಣೆ ಯಾರದು, ಮಾಲೀಕ ಯಾರು, ಅನುಭವದಲ್ಲಿರುವವರು ಯಾರು. ಸೈನ್ಯ ಬಳಸುವುದು ಎ(1), ಪ್ರಾಂತ್ಯದ ಇಲಾಖೆಯ ವಶದಲ್ಲಿರುವುದು ಬಿ(2), ಖಾಸಗಿಯವರು ಗ್ರಾಂಟ್ ಅಥವಾ ಲೀಸ್ ಮೇಲೆ ಇಟ್ಟುಕೊಂಡಿರುವುದು ಬಿ(3). ಮಾಲೀಕರ ಕಾಲಂ ಮತ್ತು ಅನುಭವದಾರರ ಕಾಲಂ ಬೇರೆ ಬೇರೆ ಇರುವುದೇ ಮುಖ್ಯ. ತಲೆಮಾರುಗಳಿಂದ ತೆರಿಗೆ ಕಟ್ಟಿದವರ ಹೆಸರೂ ಎರಡನೆಯದರಲ್ಲೇ ಉಳಿಯುತ್ತದೆ. ಕೋರ್ಟಿನಲ್ಲಿ ಮೊದಲು ತೆರೆಯುವುದೂ ಈ ಪುಟವನ್ನೇ.

ಬೆಂಗಳೂರಿನ ದಾರಿ ಸ್ವಲ್ಪ ಬೇರೆ. 1809ರಲ್ಲಿ ಮೈಸೂರು ರಾಜ್ಯದ ನೆಲದಲ್ಲೇ ದಂಡು ಬಂತು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದರೂ ದಂಡು ಪ್ರದೇಶ ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಅದು ಮೈಸೂರಿಗೆ ಬಂದದ್ದು 1947ರ ಜುಲೈನಲ್ಲಿ. ಈಗ ಕರ್ನಾಟಕದಲ್ಲಿ ಕಂಟೋನ್ಮೆಂಟ್ ಬೋರ್ಡ್ (ದಂಡು ಪ್ರದೇಶದ ಆಡಳಿತ ನೋಡುವ ಮಂಡಳಿ) ಇರುವುದು ಬೆಳಗಾವಿಯಲ್ಲಿ ಮಾತ್ರ.

2022ರ ಜನವರಿಯಲ್ಲಿ ರಕ್ಷಣಾ ಇಲಾಖೆ ಇಡೀ ದೇಶದ ತನ್ನ ಜಮೀನಿನ ಸರ್ವೆ ಮುಗಿಸಿದ್ದಾಗಿ ಹೇಳಿತು. ಸಿಕ್ಕ ಲೆಕ್ಕ 17.78 ಲಕ್ಷ ಎಕರೆ. ಅದರಲ್ಲಿ 62 ಕಂಟೋನ್ಮೆಂಟುಗಳ ಒಳಗಿರುವುದು 1.61 ಲಕ್ಷ ಮಾತ್ರ. ಅಳತೆ ಆಯಿತು, ಒಳ್ಳೆಯದೇ. ಆದರೆ ಬಿ(3) ಮನೆಗಳವರ ಪ್ರಶ್ನೆಗೆ ಅಳತೆ ಉತ್ತರ ಕೊಡುವುದಿಲ್ಲ ಅಲ್ವಾ? 2023ರಲ್ಲಿ ಹಿಮಾಚಲದ ಯೋಲ್ ಕಂಟೋನ್ಮೆಂಟಿನಿಂದ ಶುರುವಾಗಿ, ಕಂಟೋನ್ಮೆಂಟುಗಳ ನಾಗರಿಕ ಪ್ರದೇಶಗಳನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಡುವ ಕೆಲಸ ನಡೆದಿದೆ. ಬೆಳಗಾವಿಯಂಥ ಊರುಗಳಲ್ಲಿ ಗಡಿ ಬದಲಿಸುವ ಮೊದಲೇ, ಓಲ್ಡ್ ಗ್ರಾಂಟ್ ಮನೆಗಳವರ ಹಕ್ಕು ಏನಾಗುತ್ತದೆ ಎಂದು ಬರವಣಿಗೆಯಲ್ಲಿ ಹೇಳಬೇಕು.