ಸ್ನೋಡೆನ್ ಬಗ್ಗೆ ಜನ ಏನಂದರು: ಪ್ರಶ್ನೆ ನೋಡದೆ ಶೇಕಡಾವಾರು ಓದಬೇಡಿ

ಅಮೆರಿಕ ಸರ್ಕಾರ ತನ್ನ ಜನರ ಫೋನ್ ಕರೆಗಳ ದಾಖಲೆಯನ್ನು ಗುಟ್ಟಾಗಿ ಸಂಗ್ರಹಿಸುತ್ತಿದೆ ಎಂಬುದು ಸ್ನೋಡೆನ್ ಸೋರಿಸಿದ ದಾಖಲೆಗಳಿಂದ 2013ರ ಜೂನ್ ತಿಂಗಳಲ್ಲಿ ಬಯಲಾಯಿತು. ಆಗ ಕೆಲವೇ ದಿನಗಳ ಅಂತರದಲ್ಲಿ, ಅಮೆರಿಕದ ಜನಾಭಿಪ್ರಾಯದ ಬಗ್ಗೆ ಮೂರು ಸಮೀಕ್ಷೆಗಳು ಬಂದವು. ಪ್ಯೂ ಸಂಶೋಧನಾ ಕೇಂದ್ರ ಮತ್ತು ವಾಷಿಂಗ್ಟನ್ ಪೋಸ್ಟ್ ಸೇರಿ ನಡೆಸಿದ ಸಮೀಕ್ಷೆಯಲ್ಲಿ, ಸರ್ಕಾರ ಫೋನ್ ಕರೆಗಳ ದಾಖಲೆ ಜಾಲಾಡುವುದನ್ನು ಶೇ 56ರಷ್ಟು ಜನ ಒಪ್ಪಿದ್ದರು, ಶೇ 41ರಷ್ಟು ಜನ ಒಪ್ಪಿರಲಿಲ್ಲ. ಗ್ಯಾಲಪ್ ಕೇಳಿದಾಗ ಶೇ 53ರಷ್ಟು ಜನ ವಿರೋಧಿಸಿದರು, ಪರವಾಗಿ ನಿಂತವರು ಶೇ 37 ಮಾತ್ರ. ಸಿಬಿಎಸ್ ನ್ಯೂಸ್ ಸಮೀಕ್ಷೆಯಲ್ಲಿ ವಿರೋಧ ಶೇ 58ಕ್ಕೆ ಏರಿತು. ಅಮೆರಿಕದವರು ಬೇಹುಗಾರಿಕೆಯನ್ನು ಒಪ್ಪಿದ್ದಾರೆ ಎಂದು ಬರೆದವರಿಗೂ, ಸಿಡಿದೆದ್ದಿದ್ದಾರೆ ಎಂದು ಬರೆದವರಿಗೂ ಕೈಯಲ್ಲಿ ಅಂಕಿ ಇತ್ತು.

ಮೂರೂ ಸಮೀಕ್ಷೆಗಳು ಸರಿಯಾಗಿಯೇ ನಡೆದಿದ್ದವು. ಕೇಳಿದ ಪ್ರಶ್ನೆ ಬೇರೆ ಬೇರೆ, ಅಷ್ಟೇ. ಪ್ಯೂ ಪ್ರಶ್ನೆಯಲ್ಲಿ ರಾಷ್ಟ್ರೀಯ ಭದ್ರತಾ ಸಂಸ್ಥೆ ಎನ್‌ಎಸ್‌ಎ ‘ರಹಸ್ಯ ನ್ಯಾಯಾಲಯದ ಆದೇಶ ಪಡೆದು’ ದಾಖಲೆ ನೋಡುತ್ತಿದೆ ಎಂಬ ಮಾತಿತ್ತು, ಭಯೋತ್ಪಾದನೆ ತನಿಖೆಯ ಪ್ರಸ್ತಾಪ ಎರಡು ಸಲ ಬರುತ್ತಿತ್ತು. ಗ್ಯಾಲಪ್ ಪ್ರಶ್ನೆಯಲ್ಲಿ ಭಯೋತ್ಪಾದನೆ ಇತ್ತು, ನ್ಯಾಯಾಲಯ ಇರಲಿಲ್ಲ. ಸಿಬಿಎಸ್ ‘ಸಾಮಾನ್ಯ ಅಮೆರಿಕನ್ನರ’ ದಾಖಲೆ ಎಂದು ಬಿಡಿಸಿ ಕೇಳಿತ್ತು. ಅದೇ ಸಮೀಕ್ಷೆಯಲ್ಲಿ ಶಂಕಿತ ಭಯೋತ್ಪಾದಕರ ದಾಖಲೆ ಸಂಗ್ರಹಿಸಬಹುದೇ ಎಂದಾಗ ಶೇ 75ರಷ್ಟು ಜನ ಹೂಂ ಅಂದಿದ್ದರು.

ಇನ್ನೊಂದು ಸೂಕ್ಷ್ಮವಿದೆ. ಪ್ಯೂ ಸಮೀಕ್ಷೆ ನಡೆದದ್ದು ಜೂನ್ 6ರಿಂದ 9ರವರೆಗೆ. ಸೋರಿಸಿದವನು ತಾನೇ ಎಂದು ಎಡ್ವರ್ಡ್ ಸ್ನೋಡೆನ್ ಎಂಬ 29 ವರ್ಷದ ಗುತ್ತಿಗೆ ನೌಕರ ಹಾಂಗ್‌ಕಾಂಗ್‌ನಿಂದ ತನ್ನ ಹೆಸರು ಹೇಳಿಕೊಂಡದ್ದು ಜೂನ್ 9ರಂದು. ಹಾಗಾಗಿ ಆ ಶೇ 56ರಲ್ಲಿ ಸ್ನೋಡೆನ್ ಬಗೆಗಿನ ಪ್ರತಿಕ್ರಿಯೆ ಹುಡುಕುವುದೇ ತಪ್ಪು. ಯಾವ ಸಮೀಕ್ಷೆ ಸಿಕ್ಕರೂ ಮೊದಲು ಕ್ಷೇತ್ರಕಾರ್ಯದ, ಅಂದರೆ ಜನರನ್ನು ಮಾತಾಡಿಸಿದ ದಿನಾಂಕ ನೋಡಬೇಕು, ಆಮೇಲೆ ಪ್ರಶ್ನೆಯ ಪೂರ್ಣ ಪಾಠ, ಅದಾದ ಮೇಲೆ ಶೇಕಡಾವಾರು. ಪತ್ರಿಕೆಗಳಲ್ಲಿ ಈ ಕ್ರಮ ಸಾಮಾನ್ಯವಾಗಿ ತಿರುಗುಮುರುಗು.

ಪ್ರಶ್ನೆಯ ಪದಗಳು ಉತ್ತರವನ್ನು ಎಷ್ಟು ಎಳೆಯುತ್ತವೆ ಎಂಬುದನ್ನು ಪ್ಯೂ ಅದೇ ವರ್ಷದ ಜುಲೈನಲ್ಲಿ ಪ್ರಯೋಗ ಮಾಡಿ ಅಳೆಯಿತು. ಸಮೀಕ್ಷೆಗೆ ಸಿಕ್ಕವರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ, ಒಂದೇ ಕಾರ್ಯಕ್ರಮವನ್ನು ಬೇರೆ ಬೇರೆ ವಿವರಣೆ ಕೊಟ್ಟು ಕೇಳಲಾಯಿತು. ‘ನ್ಯಾಯಾಲಯದ ಒಪ್ಪಿಗೆಯೊಂದಿಗೆ’ ಎಂದು ಸೇರಿಸಿದ ಕಡೆ ಶೇ 37ರಷ್ಟು ಬೆಂಬಲ, ಬಿಟ್ಟ ಕಡೆ ಶೇ 25. ‘ಭಯೋತ್ಪಾದನೆ ತಡೆಯುವ ಪ್ರಯತ್ನದ ಭಾಗವಾಗಿ’ ಎಂದ ಕಡೆ ಶೇ 35, ಅನ್ನದ ಕಡೆ ಶೇ 26. ಎರಡು ಪದ ಸೇರಿಸಿದ್ದಕ್ಕೆ ಹನ್ನೆರಡು ಅಂಶ ಏರಿಕೆ. ಸಾವಿರ ಜನರ ಮಾದರಿಯಲ್ಲಿ ಸಹಜವಾಗಿ ಆಗುವ ಏರುಪೇರು ಹೆಚ್ಚುಕಡಿಮೆ ಮೂರು ಅಂಶ. ಅಂದರೆ ಇದು ಲೆಕ್ಕದ ಅಲುಗಾಟವಲ್ಲ. ಜನರಿಗೆ ಕಾರ್ಯಕ್ರಮದ ಒಳಗಿನ ವಿವರ ಗೊತ್ತಿರಲಿಲ್ಲ, ಹಾಗಾಗಿ ಪ್ರಶ್ನೆ ಕೇಳಿದವರು ಕೊಟ್ಟ ವಿವರಣೆಯ ಆಧಾರದ ಮೇಲೆಯೇ ತೀರ್ಮಾನ ಹೇಳಿದರು.

ಆ ವಿವರಣೆಯಲ್ಲಿ ಏನೇನು ಬಿಟ್ಟುಹೋಗುತ್ತಿತ್ತು ಎಂಬುದನ್ನೂ ನೋಡಿ. ಅಮೆರಿಕದ ಭಯೋತ್ಪಾದನೆ ವಿರೋಧಿ ಪೇಟ್ರಿಯಟ್ ಕಾಯ್ದೆಯ 215ನೇ ಸೆಕ್ಷನ್ ಅಡಿ ಸಂಗ್ರಹವಾಗುತ್ತಿದ್ದದ್ದು ಯಾರು ಯಾರಿಗೆ, ಯಾವಾಗ, ಎಷ್ಟು ಹೊತ್ತು ಕರೆ ಮಾಡಿದರು ಎಂಬ ಪಟ್ಟಿ. ಮಾತಿನ ಧ್ವನಿಮುದ್ರಣ ಅದರಲ್ಲಿ ಇರಲಿಲ್ಲ. ಇಷ್ಟು ಹೇಳಿ ನಿಲ್ಲಿಸಿದರೆ ಬಹಳ ಜನ ನಿರಾಳವಾಗುತ್ತಾರೆ. ಆದರೆ ಒಬ್ಬ ಶಂಕಿತನಿಂದ ಶುರುಮಾಡಿ, ಅವನು ಮಾತಾಡಿದವರು, ಅವರು ಮಾತಾಡಿದವರು, ಅವರೂ ಮಾತಾಡಿದವರು ಎಂದು ಮೂರು ಹಂತದವರೆಗೆ ಹೋಗಬಹುದೆಂದು ಎನ್‌ಎಸ್‌ಎ ಅಧಿಕಾರಿಯೇ 2013ರ ಜುಲೈನಲ್ಲಿ ಸಂಸತ್ ಸಮಿತಿಯ ಮುಂದೆ ಹೇಳಿದರು. ಒಬ್ಬೊಬ್ಬರಿಗೆ 100 ಸಂಪರ್ಕ ಎಂದಿಟ್ಟುಕೊಂಡರೆ 100ನ್ನು 100ರಿಂದ, ಮತ್ತೆ 100ರಿಂದ ಗುಣಿಸಿ. ಒಬ್ಬ ಶಂಕಿತನ ಹೆಸರಿನಲ್ಲಿ ಹತ್ತು ಲಕ್ಷ ಜನ. ಈ ಗುಣಾಕಾರ ಹೇಳಿ ಅಭಿಪ್ರಾಯ ಕೇಳಿದ್ದರೆ ಅಂಕಿ ಬೇರೆಯೇ ಬರುತ್ತಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಸ್ನೋಡೆನ್ ವಿಷಯಕ್ಕೆ ಬರೋಣ. ‘ಟೈಮ್’ ಪತ್ರಿಕೆಯ ಸಮೀಕ್ಷೆಯಲ್ಲಿ ಶೇ 54ರಷ್ಟು ಜನ ಅವನು ಒಳ್ಳೆಯ ಕೆಲಸ ಮಾಡಿದ ಎಂದರು. ಅದೇ ಸಮೀಕ್ಷೆಯಲ್ಲಿ ಶೇ 53ರಷ್ಟು ಜನ ಅವನ ಮೇಲೆ ಮೊಕದ್ದಮೆ ಹೂಡಬೇಕು ಎಂದರು. ಅದರ ಹಿಂದೆಯೇ ಬಂದ ಪ್ಯೂ ಸಮೀಕ್ಷೆಯೂ ಹಾಗೆಯೇ ಇತ್ತು. ಸೋರಿಕೆಯಿಂದ ಸಾರ್ವಜನಿಕರಿಗೆ ಹಿತವಾಯಿತು ಎಂದವರು ಶೇ 49, ಹಾನಿಯಾಯಿತು ಎಂದವರು ಶೇ 44, ಮೊಕದ್ದಮೆ ಬೇಕು ಎಂದವರು ಶೇ 54. ಇದನ್ನು ಕಂಡು ಜನರಿಗೆ ತಲೆಬುಡವಿಲ್ಲ ಎಂದು ಷರಾ ಬರೆದವರು ಕಡಿಮೆಯಿಲ್ಲ. ನನಗೆ ಇದರಲ್ಲಿ ಗೊಂದಲ ಕಾಣುವುದಿಲ್ಲ. ಸರ್ಕಾರ ಮಾಡಿದ್ದು, ಅದನ್ನು ಬಯಲಿಗೆ ತಂದದ್ದು, ತಂದವನು ದೇಶ ಬಿಟ್ಟದ್ದು ಮೂರೂ ಬೇರೆ ಬೇರೆ ಪ್ರಶ್ನೆಗಳು, ಜನ ಮೂರಕ್ಕೂ ಬೇರೆ ಬೇರೆಯಾಗಿ ಉತ್ತರಿಸಿದರು. ಒಳ್ಳೆಯದನ್ನೇ ಮಾಡಿದ, ಆದರೂ ನ್ಯಾಯಾಲಯದ ಮುಂದೆ ನಿಲ್ಲಲಿ ಎನ್ನುವುದು ಸುಸಂಗತವಾದ ನಿಲುವು.

ಮೂರನೆಯದು, ಅಂದರೆ ಅವನು ದೇಶ ಬಿಟ್ಟದ್ದು, ಎಷ್ಟು ಭಾರವಾಗಿತ್ತು ಎಂಬುದಕ್ಕೆ ಎಬಿಸಿ ಮತ್ತು ವಾಷಿಂಗ್ಟನ್ ಪೋಸ್ಟ್ ಸಮೀಕ್ಷೆಯ ಸರಣಿ ನೋಡಿ. ಆರೋಪ ಹೊರಿಸಬೇಕು ಎಂದವರು ಜೂನ್‌ನಲ್ಲಿ ಶೇ 43, ಜುಲೈ ಕೊನೆಯ ಹೊತ್ತಿಗೆ ಶೇ 53. ನಡುವೆ ಏನಾಯಿತು? ಜೂನ್ 21ರಂದು ಬೇಹುಗಾರಿಕೆ ಕಾಯ್ದೆಯಡಿಯ ಆರೋಪಗಳು ಬಹಿರಂಗವಾದವು. 23ರಂದು ಸ್ನೋಡೆನ್ ಹಾಂಗ್‌ಕಾಂಗ್‌ನಿಂದ ಮಾಸ್ಕೋಗೆ ಹಾರಿದ. ಅಮೆರಿಕ ಪಾಸ್‌ಪೋರ್ಟ್ ರದ್ದು ಮಾಡಿದ್ದರಿಂದ ಶೆರೆಮೆತ್ಯೆವೊ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದು, ಆಗಸ್ಟ್ 1ಕ್ಕೆ ರಷ್ಯಾ ತಾತ್ಕಾಲಿಕ ಆಶ್ರಯ ಕೊಟ್ಟ ಮೇಲೆ ಹೊರಬಂದ. ಏರಿಕೆಗೆ ಇದೊಂದೇ ಕಾರಣ ಎಂದು ಸಮೀಕ್ಷೆಯಿಂದ ಸಾಧಿಸಲಾಗದು. ಆದರೆ ಹೊಸ ದಾಖಲೆಗಳು ಬರುತ್ತಲೇ ಇದ್ದ ಆ ವಾರಗಳಲ್ಲಿ ಸುದ್ದಿವಾಹಿನಿಗಳಲ್ಲಿ ಹೆಚ್ಚು ಕಂಡದ್ದು ಮಾಸ್ಕೋ ವಿಮಾನ ನಿಲ್ದಾಣ.

ಓಡಿಹೋದವನು ತಪ್ಪಿತಸ್ಥನೇ ಇರಬೇಕು ಎಂದು ಜನ ಭಾವಿಸುವುದು ಸಹಜ. ಆ ಭಾವನೆಯನ್ನು ಹೀಗಳೆಯಬೇಕಿಲ್ಲ. ಆದರೆ ಅಲ್ಲಿನ ಕಾನೂನು ಗೊತ್ತಿದ್ದರೆ ತೂಕ ಬದಲಾಗುತ್ತದೆ. 1917ರ ಆ ಬೇಹುಗಾರಿಕೆ ಕಾಯ್ದೆಯಲ್ಲಿ ‘ಸಾರ್ವಜನಿಕ ಹಿತಕ್ಕಾಗಿ ಮಾಡಿದೆ’ ಎಂಬ ಪ್ರತಿವಾದಕ್ಕೆ ಜಾಗವಿಲ್ಲ. ಏಕೆ ಬಯಲು ಮಾಡಿದ ಎಂಬುದನ್ನು ತೀರ್ಪುಗಾರರ ಮುಂದೆ ಇಡಲು ದಾರಿಯೇ ಇಲ್ಲದಂತಾಗುತ್ತದೆ. ವಿಯೆಟ್ನಾಂ ಯುದ್ಧದ ಗುಪ್ತ ದಾಖಲೆಗಳನ್ನು ಪತ್ರಿಕೆಗೆ ಕೊಟ್ಟ ಡೇನಿಯಲ್ ಎಲ್ಸ್‌ಬರ್ಗ್ 1971ರಲ್ಲಿ ಶರಣಾಗಿ, ಜಾಮೀನಿನ ಮೇಲೆ ಹೊರಗಿದ್ದುಕೊಂಡೇ ಯುದ್ಧದ ವಿರುದ್ಧ ಮಾತಾಡಿದವರು. ಸ್ನೋಡೆನ್‌ನನ್ನು ಎಲ್ಸ್‌ಬರ್ಗ್‌ಗೆ ಹೋಲಿಸಿ ಹೇಡಿ ಎಂದವರಿಗೆ, ಅವನು ಹೊರಟುಹೋದದ್ದೇ ಸರಿ, ಈಗಿನ ಅಮೆರಿಕ ಆಗಿನದಲ್ಲ ಎಂದು ಸ್ವತಃ ಎಲ್ಸ್‌ಬರ್ಗ್ 2013ರ ಜುಲೈನಲ್ಲಿ ಉತ್ತರ ಕೊಟ್ಟರು.

ಕ್ವಿನಿಪಿಯಾಕ್ ವಿಶ್ವವಿದ್ಯಾಲಯ ಅವನು ದೇಶದ್ರೋಹಿಯೋ ಗುಟ್ಟು ಬಯಲು ಮಾಡಿದವನೋ ಎಂದು ಕೇಳಿದಾಗ ಶೇ 34 ಮತ್ತು ಶೇ 55 ಬಂತು. ಇಂಥ ಎರಡೇ ಆಯ್ಕೆಯ ಪ್ರಶ್ನೆಗಳನ್ನು ನಾನು ನಂಬುವುದಿಲ್ಲ. ಎರಡೂ ಬೇಡ ಎನ್ನುವವನಿಗೆ ಅಲ್ಲಿ ಖಾನೆಯೇ ಇರುವುದಿಲ್ಲ, ದ್ರೋಹಿ ಎಂಬಷ್ಟು ಕಟುವಾದ ಮಾತಿಗೆ ಹಿಂಜರಿದವರೆಲ್ಲ ಇನ್ನೊಂದು ಕಡೆಗೆ ಜಾರುತ್ತಾರೆ. ಗ್ಯಾಲಪ್ ಸರಳವಾಗಿ ಸರಿಯೋ ತಪ್ಪೋ ಎಂದು ಕೇಳಿದಾಗ ಶೇ 44 ಸರಿ, ಶೇ 42 ತಪ್ಪು ಎಂದು ಬಂದಿತ್ತು. ಮಾದರಿಯ ಏರುಪೇರಿನೊಳಗೆ ಅದು ಸಮಸಮ. ಯುವಕರು ಹೆಚ್ಚು ಅವನ ಪರ ಎಂಬುದು ಹಲವು ಸಮೀಕ್ಷೆಗಳಲ್ಲಿ ಕಂಡಿದ್ದರಿಂದ ನಂಬಬಹುದು. ಒಂದೇ ಸಮೀಕ್ಷೆಯ ಉಪಗುಂಪನ್ನು ಹಿಡಿದು ಹೇಳುವಾಗ ಮಾತ್ರ ಎಚ್ಚರವಿರಲಿ, ಇನ್ನೂರು ಜನರ ಗುಂಪಿನಲ್ಲಿ ಏರುಪೇರು ಏಳು ಅಂಶದಷ್ಟಿರುತ್ತದೆ.

ಪಕ್ಷದ ಪ್ರಭಾವವಂತೂ ಕಣ್ಣಿಗೆ ಹೊಡೆಯುವಷ್ಟಿತ್ತು. ರಿಪಬ್ಲಿಕನ್ ಪಕ್ಷದ ಬುಷ್ ಆಡಳಿತವಿದ್ದ 2006ರಲ್ಲಿ ಎನ್‌ಎಸ್‌ಎ ನಿಗಾವನ್ನು ಒಪ್ಪಿದ ರಿಪಬ್ಲಿಕನ್ನರು ಶೇ 75, ಡೆಮಾಕ್ರಟರು ಶೇ 37. ಡೆಮಾಕ್ರಟಿಕ್ ಪಕ್ಷದ ಒಬಾಮ ಇದ್ದ 2013ರಲ್ಲಿ ರಿಪಬ್ಲಿಕನ್ನರು ಶೇ 52ಕ್ಕೆ ಇಳಿದರು, ಡೆಮಾಕ್ರಟರು ಶೇ 64ಕ್ಕೆ ಏರಿದರು. ಎರಡು ವರ್ಷಗಳ ಪ್ರಶ್ನೆ ಅಕ್ಷರಶಃ ಒಂದೇ ಅಲ್ಲವಾದರೂ, ಇಷ್ಟು ದೊಡ್ಡ ಪಲ್ಟಿಗೆ ಪದವ್ಯತ್ಯಾಸವೊಂದೇ ಕಾರಣವಾಗದು. ನಿಗಾ ಇಡುವ ಕುರ್ಚಿಯಲ್ಲಿ ನಮ್ಮವರಿದ್ದಾರೆಯೇ ಎಂಬುದೇ ಅನೇಕರಿಗೆ ಮುಖ್ಯವಾಯಿತು. ಜನಪ್ರತಿನಿಧಿಗಳು ಮಾತ್ರ ಆ ಜುಲೈನಲ್ಲಿ ಪಕ್ಷದ ಗೆರೆ ದಾಟಿದರು. ಕರೆ ದಾಖಲೆ ಸಂಗ್ರಹಕ್ಕೆ ಹಣ ನಿಲ್ಲಿಸುವ ಅಮಾಷ್ ತಿದ್ದುಪಡಿ 205-217ರಲ್ಲಿ ಬಿದ್ದಿತು, ಪರವಾಗಿ ಎರಡೂ ಪಕ್ಷದವರು ದೊಡ್ಡ ಸಂಖ್ಯೆಯಲ್ಲಿದ್ದರು. ಸಾರಾಸಗಟು ಸಂಗ್ರಹವನ್ನು ಕಾನೂನೇ ನಿಷೇಧಿಸಿದ್ದು 2015ರ ಜೂನ್‌ನಲ್ಲಿ, ಫ್ರೀಡಂ ಕಾಯ್ದೆಯೊಂದಿಗೆ.

ಆನ್‌ಲೈನ್ ಗದ್ದಲವನ್ನು ಜನಾಭಿಪ್ರಾಯ ಎಂದು ಓದುವವರಿಗೆ ಈ ಪ್ರಕರಣದಲ್ಲೇ ಒಂದು ಎಚ್ಚರಿಕೆ ಇದೆ. ಕ್ಷಮಾದಾನ ಕೋರಿ ಶ್ವೇತಭವನದ ತಾಣದಲ್ಲಿ ಹಾಕಿದ ಮನವಿ ಎರಡು ವಾರಗಳಲ್ಲಿ ಲಕ್ಷ ಸಹಿ ದಾಟಿತು. ಉತ್ತರ ಬರಲು 2015ರ ಜುಲೈವರೆಗೆ ಕಾಯಬೇಕಾಯಿತು, ಬಂದದ್ದು ನಿರಾಕರಣೆ. ಸಹಿ ಹಾಕಿದವರು ಎಷ್ಟು ಕಾವಿನಲ್ಲಿದ್ದರು ಎಂಬುದನ್ನು ಮನವಿ ಹೇಳುತ್ತದೆ, ಹಾಕದವರ ಬಗ್ಗೆ ಏನನ್ನೂ ಹೇಳುವುದಿಲ್ಲ. 2013ರಲ್ಲೇ ಪ್ಯೂ 1,801 ವಯಸ್ಕರನ್ನು ಮಾತಾಡಿಸಿ, ಸ್ನೋಡೆನ್ ವಿಷಯವನ್ನು ಎಲ್ಲಿ ಚರ್ಚಿಸುತ್ತೀರಿ ಎಂದು ಕೇಳಿತು. ಎದುರುಬದುರು ಕೂತು ಮಾತಾಡಲು ಸಿದ್ಧ ಎಂದವರು ಶೇ 86. ಫೇಸ್‌ಬುಕ್ ಮತ್ತು ಟ್ವಿಟರ್ ಬಳಸುವವರಲ್ಲಿ ಅಲ್ಲಿ ಬರೆಯಲು ಸಿದ್ಧ ಎಂದವರು ಶೇ 42. ಮನೆಯಲ್ಲಿ ಬಾಯಿ ಬಿಡದವನು ಜಾಲತಾಣದಲ್ಲಿ ಬಿಡುತ್ತಾನೆ ಎಂಬ ನಂಬಿಕೆಯೂ ಸುಳ್ಳಾಯಿತು, ಹಾಗೆ ಮಾಡುವವರು ಬಹುತೇಕ ಸಿಗಲೇ ಇಲ್ಲ. ತನ್ನ ಸ್ನೇಹಿತರು ಒಪ್ಪುವುದಿಲ್ಲ ಅನ್ನಿಸಿದರೆ ಜನ ಸುಮ್ಮನಿರುತ್ತಾರೆ. ನಿಗಾ ಬಗ್ಗೆಯೇ ಮಾತಾಡುವಾಗ ಈ ಮೌನ ಇನ್ನಷ್ಟು ಚಿಂತೆಗೆ ಹಚ್ಚುವಂಥದ್ದು.

ಆಡಿದ ಮಾತಿಗಿಂತ ನಡತೆ ಕೆಲವೊಮ್ಮೆ ಹೆಚ್ಚು ಹೇಳುತ್ತದೆ. ನಿಗಾ ವಿಷಯ ಕೇಳಿ ಗೊತ್ತಿದ್ದವರಲ್ಲಿ ಶೇ 34ರಷ್ಟು ಜನ ತಮ್ಮ ಮಾಹಿತಿ ಮುಚ್ಚಿಡಲು ಒಂದಾದರೂ ಕ್ರಮ ಕೈಗೊಂಡಿದ್ದರು ಎಂದು ಪ್ಯೂ 2015ರಲ್ಲಿ ವರದಿ ಮಾಡಿತು. ಭಯೋತ್ಪಾದನೆಗೆ ಸಂಬಂಧಿಸಿದ ವಿಕಿಪೀಡಿಯ ಲೇಖನಗಳ ಓದು 2013ರ ಜೂನ್ ನಂತರ ಗಮನಾರ್ಹವಾಗಿ ಕುಸಿಯಿತು ಎಂದು ಇನ್ನೊಂದು ಅಧ್ಯಯನ ತೋರಿಸಿತು. ಕಾನೂನುಬದ್ಧವಾಗಿ ಓದಬಹುದಾದದ್ದನ್ನೂ ಜನ ಓದದೆ ಬಿಟ್ಟರು. ಯಾವ ಪ್ರಶ್ನಾವಳಿಯಲ್ಲೂ ಸಿಕ್ಕದ ಪ್ರತಿಕ್ರಿಯೆ ಇದು.

ಭಾರತಕ್ಕೂ ಇದು ದೂರದ ಕಥೆಯಾಗಿರಲಿಲ್ಲ. ಸೋರಿಕೆಯಾದ ಒಂದು ದಾಖಲೆಯ ಪ್ರಕಾರ 2013ರ ಮಾರ್ಚ್ ಒಂದೇ ತಿಂಗಳಲ್ಲಿ ಎನ್‌ಎಸ್‌ಎ ಭಾರತದಿಂದ 630 ಕೋಟಿ ಮಾಹಿತಿ ತುಣುಕುಗಳನ್ನು ಸಂಗ್ರಹಿಸಿತ್ತು. ವಿದೇಶಾಂಗ ಸಚಿವ ಸಲ್ಮಾನ್ ಖುರ್ಷಿದ್ ಇದನ್ನು ನಿಜವಾದ ಬೇಹುಗಾರಿಕೆ ಎನ್ನಲಾಗದು, ಕರೆಗಳ ವಿನ್ಯಾಸದ ಕಂಪ್ಯೂಟರ್ ವಿಶ್ಲೇಷಣೆ ಅಷ್ಟೇ ಎಂದರು. ಸ್ನೋಡೆನ್ ಆಶ್ರಯ ಕೋರಿದ ದೇಶಗಳ ಪಟ್ಟಿಯಲ್ಲಿ ಭಾರತವೂ ಇತ್ತು, ನಮ್ಮ ಸರ್ಕಾರ ಒಪ್ಪಲಿಲ್ಲ. ಕರ್ನಾಟಕದವರಿಗೆ ಈ ವಿಷಯ ಹೊಸದಲ್ಲ. ಫೋನ್ ಕದ್ದಾಲಿಕೆ ಆರೋಪದ ಮೇಲೆ 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ.

ಇಲ್ಲಿ ಇಂಥ ಸಮೀಕ್ಷೆ ಮಾಡುವವರು ಅಮೆರಿಕದ ಪ್ರಶ್ನಾವಳಿಯನ್ನು ಹಾಗೇ ಎತ್ತಿಕೊಳ್ಳಬಾರದು. ‘ನ್ಯಾಯಾಲಯದ ಒಪ್ಪಿಗೆಯೊಂದಿಗೆ’ ಎಂಬ ಮಾತು ನಮ್ಮಲ್ಲಿ ಸುಳ್ಳಾಗುತ್ತದೆ. ಕದ್ದಾಲಿಕೆಗೆ ಆದೇಶ ಕೊಡುವವರು ಕೇಂದ್ರದಲ್ಲಿ ಗೃಹ ಕಾರ್ಯದರ್ಶಿ, ರಾಜ್ಯದಲ್ಲೂ ಅದೇ ದರ್ಜೆಯ ಅಧಿಕಾರಿ. ಮೇಲೆ ನೋಡುವ ಪರಿಶೀಲನಾ ಸಮಿತಿಯಲ್ಲೂ ಅಧಿಕಾರಿಗಳೇ ಇರುತ್ತಾರೆ. ಆದೇಶ ಕೊಟ್ಟವರು ಯಾರು ಎಂಬುದನ್ನು ಪ್ರಶ್ನೆಯಲ್ಲೇ ಹೇಳಿ. ಕರೆ ವಿವರವೋ ಮಾತಿನ ಮುದ್ರಣವೋ ಬಿಡಿಸಿ ಕೇಳಿ. ಶಂಕಿತನದೋ ಎಲ್ಲರದೋ ಎಂಬುದಕ್ಕೆ ಬೇರೆ ಪ್ರಶ್ನೆ ಇಡಿ. ಬಯಲು ಮಾಡಿದವನ ಬಗೆಗಿನ ಪ್ರಶ್ನೆ ಇವೆಲ್ಲ ಮುಗಿದ ಮೇಲೆ ಬರಲಿ, ಇಲ್ಲದಿದ್ದರೆ ಅವನ ಮೇಲಿನ ಸಿಟ್ಟೋ ಮೆಚ್ಚುಗೆಯೋ ಹಿಂದಿನ ಉತ್ತರಗಳಿಗೆಲ್ಲ ಅಂಟಿಕೊಳ್ಳುತ್ತದೆ. ‘ಗೊತ್ತಿಲ್ಲ’ ಎಂಬ ಖಾನೆಯನ್ನು ಓದಿ ಹೇಳಿ, ಎಷ್ಟು ಜನ ಅದನ್ನು ಆರಿಸಿದರು ಎಂಬುದನ್ನೂ ಮುಖ್ಯ ಅಂಕಿಯ ಪಕ್ಕದಲ್ಲೇ ಪ್ರಕಟಿಸಿ.