ಮಾತು ಕೇಳಬೇಕಾಗಿಲ್ಲ, ಸಾಲು ಓದಿದರೆ ಸಾಕು

ಹಳೇ ಫೋನನ್ನು ಅಕ್ಕನ ಮಗನಿಗೆ ಕೊಡೋಣ ಅಂತ ಕಳೆದ ವಾರ ಚಾರ್ಜಿಗೆ ಹಾಕಿದೆ. ಎಲ್ಲ ಅಳಿಸುವ ಮುಂಚೆ ಸುಮ್ನೆ ಕಾಲ್ ಲಾಗ್ ತೆರೆದೆ. ಹದಿನಾರು ತಿಂಗಳ ಹಿಂದಿನ ಒಂದು ರಾತ್ರಿ ಅಲ್ಲಿ ಹಾಗೇ ಕೂತಿತ್ತು.

ರಾತ್ರಿ 2:12, ಅಮ್ಮನಿಂದ, 1 ನಿಮಿಷ. 2:14, 108ಕ್ಕೆ, 3 ನಿಮಿಷ. 2:19, ಅಕ್ಕನಿಗೆ, 40 ಸೆಕೆಂಡು. 3:50, ಮತ್ತೆ ಅಕ್ಕನಿಗೆ, 11 ನಿಮಿಷ. ಬೆಳಗ್ಗೆ 6:05, ಊರಿನ ಚಿಕ್ಕಪ್ಪನಿಗೆ. 9:30, ಆಫೀಸಿಗೆ. 9:34, ವಿಮೆ ಏಜೆಂಟಿಗೆ. 11 ಗಂಟೆಯ ಹೊತ್ತಿಗೆ ಒಂದು ಬ್ಲಡ್ ಬ್ಯಾಂಕಿಗೆ, ಸಾಲಾಗಿ ಮೂರು ಸಲ.

ಆ ರಾತ್ರಿ ನಮ್ಮ ಮನೆಯಲ್ಲಿ ಏನಾಯಿತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಅಪ್ಪ ಈಗ ಚೆನ್ನಾಗಿದ್ದಾರೆ. ಆದರೆ ಆ ಎಂಟು ಸಾಲು ನೋಡುತ್ತಾ ಸ್ವಲ್ಪ ಹೊತ್ತು ಹಾಗೇ ಕೂತುಬಿಟ್ಟೆ. ನಾವು ಆಡಿದ ಒಂದು ಮಾತೂ ಅಲ್ಲಿರಲಿಲ್ಲ. ಇದ್ದದ್ದು ಯಾರಿಗೆ, ಯಾವಾಗ, ಎಷ್ಟು ಹೊತ್ತು ಎನ್ನುವುದಷ್ಟೇ. ಅಷ್ಟರಲ್ಲೇ ಇಡೀ ರಾತ್ರಿ ಇತ್ತು.

ಇಂಥದ್ದೇ ಸಾಲುಗಳು ಮೊಬೈಲ್ ಕಂಪನಿಯ ಕಂಪ್ಯೂಟರಿನಲ್ಲೂ ಇರುತ್ತವೆ. ಅದಕ್ಕೆ ಸಿಡಿಆರ್ ಅನ್ನುತ್ತಾರೆ, ಅಂದರೆ ಕರೆಗಳ ವಿವರದ ದಾಖಲೆ. ಅಪರಾಧ ಸುದ್ದಿ ಓದುವವರಿಗೆ ಈ ಹೆಸರು ಹೊಸದಲ್ಲ. ನನ್ನ ಫೋನಿನ ಲಾಗ್‌ಗಿಂತ ಅದರಲ್ಲಿ ಕಾಲಂಗಳು ಜಾಸ್ತಿ. ಹ್ಯಾಂಡ್‌ಸೆಟ್ಟಿನ 15 ಅಂಕಿಯ ಐಎಂಇಐ ಸಂಖ್ಯೆ ಇರುತ್ತದೆ. ಸಿಮ್‌ನ ಗುರುತು ಇರುತ್ತದೆ. ಮುಖ್ಯವಾಗಿ, ಕರೆ ಶುರುವಾದಾಗ ಫೋನು ಯಾವ ಟವರ್‌ಗೆ ಅಂಟಿಕೊಂಡಿತ್ತು, ಮುಗಿದಾಗ ಯಾವ ಟವರ್‌ನಲ್ಲಿತ್ತು ಎನ್ನುವುದಿರುತ್ತದೆ.

ಈ ಟವರ್ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸರ್ಕಾರ ಹೇಳಿತು ಅಂತ ಕಂಪನಿ ನಮ್ಮ ಹಿಂದೆ ಬಿದ್ದಿದೆ ಎಂದು ತುಂಬ ಜನ ಅಂದುಕೊಂಡಿದ್ದಾರೆ. ನಿಜ ಸಂಗತಿ ಇನ್ನೂ ಸರಳ. ನಾವು ಎಲ್ಲಿದ್ದೇವೆ ಅಂತ ಗೊತ್ತಿಲ್ಲದೆ ಮೊಬೈಲ್ ಕೆಲಸವೇ ಮಾಡುವುದಿಲ್ಲ.

ಹಳೇ ಲ್ಯಾಂಡ್‌ಲೈನಿಗೆ ತಂತಿ ಇತ್ತು. ತಂತಿಯ ತುದಿಯೇ ಫೋನಿನ ಜಾಗ. ಮೊಬೈಲಿಗೆ ತಂತಿ ಇಲ್ಲ. ಅಮ್ಮ ನನ್ನ ನಂಬರ್ ಒತ್ತಿದಾಗ ಗಂಟೆ ಬಾರಿಸಬೇಕಾದ್ದು ಎಲ್ಲಿ? ದೇಶದ ಎಲ್ಲ ಟವರ್‌ಗಳಲ್ಲೂ ನನ್ನನ್ನು ಕೂಗಿ ಕರೆಯುತ್ತಾ ಕೂರಲು ಆಗುವುದಿಲ್ಲ. ಅದಕ್ಕೇ ಅಕ್ಕಪಕ್ಕದ ಟವರ್‌ಗಳನ್ನೆಲ್ಲ ಸೇರಿಸಿ ಗುಂಪು ಮಾಡಿರುತ್ತಾರೆ. ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟಿದ ಕೂಡಲೇ ಫೋನು ತಾನಾಗಿಯೇ ‘ನಾನೀಗ ಇಲ್ಲಿದ್ದೇನೆ’ ಅಂತ ಹೇಳಿಬಿಡುತ್ತದೆ. ಎಲ್ಲೂ ಹೋಗದೆ ಮನೆಯಲ್ಲೇ ಕೂತಿದ್ದರೂ ಆಗಾಗ ಹಾಜರಿ ಹಾಕುತ್ತದೆ. ಕರೆ ಬಂದಾಗ ಆ ಗುಂಪಿನ ಟವರ್‌ಗಳು ನನ್ನನ್ನು ಕೂಗುತ್ತವೆ. ಫೋನು ತನಗೆ ಚೆನ್ನಾಗಿ ಸಿಗ್ನಲ್ ಸಿಗುವ ಟವರ್ ಮೂಲಕ ಓಗೊಡುತ್ತದೆ. ಹಾಸನದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಬಂದರೂ, ಜೇಬಿನಲ್ಲಿರುವ ಫೋನು ದಾರಿಯುದ್ದಕ್ಕೂ ಹೀಗೆ ಹೇಳಿಕೊಂಡೇ ಬಂದಿರುತ್ತದೆ.

ಒಂದು ಟವರ್ ಸಾಮಾನ್ಯವಾಗಿ ಸುತ್ತಲಿನ ಜಾಗವನ್ನು ಮೂರು ದಿಕ್ಕಿಗೆ ಹಂಚಿಕೊಂಡಿರುತ್ತದೆ. ಹಾಗಾಗಿ ಫೋನು ಯಾವ ಕಡೆ ಇದೆ ಎನ್ನುವುದು ತಿಳಿಯುತ್ತದೆ. ದೂರವೂ ತಿಳಿಯುತ್ತದೆ. ರೇಡಿಯೋ ಅಲೆ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ 300 ಮೀಟರ್ ಹೋಗುತ್ತದೆ. ದೂರದ ಫೋನಿನ ಸಿಗ್ನಲ್ ತಡವಾಗಿ ಬಂದರೆ ಪಕ್ಕದವರ ಸರದಿಯ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತದೆ. ಅದಕ್ಕೆ ಟವರ್ ಆ ತಡವನ್ನು ಅಳೆದು, ‘ನೀನು ಇಷ್ಟು ಬೇಗ ಕಳಿಸು’ ಅಂತ ಫೋನಿಗೆ ಹೇಳುತ್ತದೆ. 2ಜಿಯಲ್ಲಿ ಈ ಅಳತೆಯ ಒಂದು ಹೆಜ್ಜೆ ಸುಮಾರು 550 ಮೀಟರ್. 4ಜಿಯಲ್ಲಿ ಸುಮಾರು 78 ಮೀಟರ್. ಈ ದೂರದ ಲೆಕ್ಕ ಸಾಮಾನ್ಯವಾಗಿ ಸಿಡಿಆರ್‌ಗೆ ಬರುವುದಿಲ್ಲ. ಅಲ್ಲಿ ಬರುವುದು ಟವರ್ ಮತ್ತು ಅದರ ದಿಕ್ಕಿನ ಸಂಖ್ಯೆ ಮಾತ್ರ. ಹಳ್ಳಿಯಲ್ಲಾದರೆ ಅದು ಹಲವು ಕಿಲೋಮೀಟರ್ ಅಗಲದ ಜಾಗ, ಊರಿಗೆ ಊರೇ ಅದರೊಳಗೆ ಬರಬಹುದು. ಬೆಂಗಳೂರಿನ ಒಂದು ಜನನಿಬಿಡ ಬಡಾವಣೆಯಲ್ಲಾದರೆ ಕೆಲವು ನೂರು ಮೀಟರ್.

ಕೆಲವು ನೂರು ಮೀಟರ್ ಒಳಗೆ ಸಾವಿರಾರು ಜನ ಇರುತ್ತಾರೆ, ಅದರಲ್ಲಿ ನಾನೇ ಅಂತ ಹೇಗೆ ಗೊತ್ತಾಗುತ್ತದೆ? ಈ ಪ್ರಶ್ನೆಯನ್ನು 2013ರಲ್ಲಿ ಸಂಶೋಧಕ ಈವ್-ಅಲೆಕ್ಸಾಂಡರ್ ಡಿ ಮಾಂಟ್‌ಜೋಯ್ ಮತ್ತು ಅವರ ಜೊತೆಗಾರರು ಲೆಕ್ಕ ಹಾಕಿ ನೋಡಿದರು. 15 ಲಕ್ಷ ಜನರ 15 ತಿಂಗಳ ಟವರ್ ದಾಖಲೆಯಲ್ಲಿ ಹೆಸರು, ನಂಬರ್ ಎಲ್ಲ ತೆಗೆದುಹಾಕಲಾಗಿತ್ತು. ಉಳಿದದ್ದು ಯಾವ ಗಂಟೆಗೆ ಯಾವ ಟವರ್ ಎನ್ನುವುದಷ್ಟೇ. ಒಬ್ಬ ವ್ಯಕ್ತಿ ಎಲ್ಲಿದ್ದ ಎನ್ನುವ ಬರೀ ನಾಲ್ಕು ಬಿಂದು ಗೊತ್ತಿದ್ದರೆ, ನೂರಕ್ಕೆ 95 ಮಂದಿಯನ್ನು ಆ 15 ಲಕ್ಷದ ಗುಂಪಿನಿಂದ ಬೇರ್ಪಡಿಸಬಹುದಿತ್ತು. ಎರಡೇ ಬಿಂದುವಿನಿಂದ ಅರ್ಧಕ್ಕಿಂತ ಜಾಸ್ತಿ ಮಂದಿಯನ್ನು. ಯೋಚನೆ ಮಾಡಿ: ರಾತ್ರಿ ನೀವು ಮಲಗುವ ಜಾಗ, ಹಗಲು ಕೆಲಸದ ಜಾಗ, ಮಗುವಿನ ಶಾಲೆ, ಭಾನುವಾರ ಹೋಗುವ ಅಮ್ಮನ ಮನೆ. ಇವು ನಾಲ್ಕೂ ಒಟ್ಟಿಗೆ ಇರುವವರು ಇಡೀ ಊರಿನಲ್ಲಿ ಇನ್ನೆಷ್ಟು ಜನ?

ಜರ್ಮನಿಯ ಗ್ರೀನ್ ಪಕ್ಷದ ಮಾಲ್ಟೆ ಸ್ಪಿಟ್ಸ್ ಇದನ್ನು ತಮ್ಮ ಮೇಲೆಯೇ ಮಾಡಿ ತೋರಿಸಿದರು. ತಮ್ಮ ದಾಖಲೆ ಕೊಡಿ ಎಂದು ಟೆಲಿಫೋನ್ ಕಂಪನಿಯ ಮೇಲೆ ಕೇಸು ಹಾಕಿದರು. ಕೊನೆಗೆ ಸಿಕ್ಕಿದ್ದು ಆರು ತಿಂಗಳಿಗೆ 35,830 ಸಾಲು. ಅದನ್ನು ಅವರು 2011ರಲ್ಲಿ ಒಂದು ಪತ್ರಿಕೆಗೆ ಕೊಟ್ಟರು. ಪತ್ರಿಕೆಯವರು ಆ ಸಾಲುಗಳನ್ನು ನಕ್ಷೆಯ ಮೇಲೆ ಹಾಕಿ ಚಲಿಸುವಂತೆ ಮಾಡಿದರು. ಅವರು ಯಾವಾಗ ರೈಲು ಹತ್ತಿದರು, ಯಾವ ಊರಲ್ಲಿ ಇಳಿದರು, ಯಾವಾಗ ಮಲಗಿದರು, ಎಲ್ಲ ಕಾಣುತ್ತಿತ್ತು.

ಬರೀ ಯಾರಿಗೆ ಫೋನ್ ಮಾಡಿದರು ಎನ್ನುವುದು ಏನು ಹೇಳುತ್ತದೆ ಎಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೊನಾಥನ್ ಮೇಯರ್ ಮತ್ತು ಪ್ಯಾಟ್ರಿಕ್ ಮಚ್ಲರ್ ನೋಡಿದರು. ತಾವಾಗಿಯೇ ಒಪ್ಪಿ ಬಂದವರ ಕರೆ ದಾಖಲೆ ಮಾತ್ರ ಅವರ ಕೈಯಲ್ಲಿತ್ತು. ಅದರಲ್ಲಿ ಒಬ್ಬರು ನರರೋಗ ತಜ್ಞರಿಗೆ, ವಿಶೇಷ ಔಷಧಿ ಅಂಗಡಿಗೆ, ಆಮೇಲೆ ಒಂದೇ ಒಂದು ಕಾಯಿಲೆಗೆ ಕೊಡುವ ಔಷಧಿಯ ಸಹಾಯವಾಣಿಗೆ ಕರೆ ಮಾಡಿದ್ದರು. ಕಾಯಿಲೆ ಯಾವುದು ಎನ್ನುವುದು ಅಲ್ಲೇ ಇತ್ತು. ನನ್ನ ಬ್ಲಡ್ ಬ್ಯಾಂಕಿನ ಮೂರು ಕರೆ ನೋಡಿದಾಗ ನೆನಪಾದದ್ದು ಇದೇ.

ನಮ್ಮ ಕಾನೂನಿನ ದೃಷ್ಟಿ ಇದಕ್ಕೆ ಉಲ್ಟಾ ಇದೆ. ಮಾತನ್ನು ಕದ್ದಾಲಿಸುವುದು ದೊಡ್ಡ ವಿಷಯ, ಸಾಲು ತೆಗೆಸಿ ನೋಡುವುದು ಸಣ್ಣ ವಿಷಯ ಎಂದು ಅದು ನಂಬಿದೆ. ಕದ್ದಾಲಿಕೆಗೆ ಕೇಂದ್ರದ ಇಲ್ಲವೇ ರಾಜ್ಯದ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಅದನ್ನು ಪರಿಶೀಲಿಸಲು ಒಂದು ಸಮಿತಿ ಇದೆ. 1885ರ ಟೆಲಿಗ್ರಾಫ್ ಕಾಯ್ದೆಗೆ ಈ ಕಡಿವಾಣ ಬಂದದ್ದು 1996ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. 2024ರ ಹೊಸ ನಿಯಮಗಳಲ್ಲೂ ಈ ಚೌಕಟ್ಟು ಉಳಿದಿದೆ. ಸಿಡಿಆರ್‌ಗೆ ಇಷ್ಟೆಲ್ಲ ಇಲ್ಲ. ಸಾಮಾನ್ಯವಾಗಿ ಎಸ್‌ಪಿ ದರ್ಜೆಯ ಅಧಿಕಾರಿ ಒಪ್ಪಿದರೆ ಸಾಕು. ನಮ್ಮ ದಾಖಲೆ ತೆಗೆಸಿದ್ದರು ಅಂತ ನಮಗೆ ಯಾರೂ ಹೇಳುವುದಿಲ್ಲ. ಆ ಎಸ್‌ಪಿ ನಿಯಮ ಬಿಗಿಯಾದದ್ದೂ 2013ರಲ್ಲಿ, ಆಗ ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ಅರುಣ್ ಜೇಟ್ಲಿಯವರ ಕರೆ ದಾಖಲೆಯನ್ನು ಅಕ್ರಮವಾಗಿ ತೆಗೆದದ್ದು ಬಯಲಾದ ಮೇಲೆ.

ಮಾತು ದೊಡ್ಡದು, ಸಾಲು ಸಣ್ಣದು ಎನ್ನುವ ಈ ನಂಬಿಕೆ ಹಳೇ ಕಾಲದ್ದು, ಆ ಕಾಲಕ್ಕೆ ಅದು ಸರಿಯೂ ಇತ್ತು. 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆಯವರು ಫೋನ್ ಕದ್ದಾಲಿಕೆಯ ಆರೋಪದ ಮೇಲೆ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ನಮ್ಮ ಹಿರಿಯರಿಗೆ ಚೆನ್ನಾಗಿ ನೆನಪಿದೆ. ಆ ದಿನಗಳಲ್ಲಿ ಒಂದು ಫೋನು ಕದ್ದಾಲಿಸಬೇಕು ಅಂದರೆ ತಂತಿ ಹುಡುಕಬೇಕು, ಟೇಪು ಓಡಿಸಬೇಕು, ಯಾರಾದರೂ ಕಿವಿಗೆ ಹಾಕಿಕೊಂಡು ಕೂರಬೇಕು. ನೂರು ಜನರ ಮಾತು ಕೇಳಲು ಎಷ್ಟು ಕಿವಿ ಬೇಕು? ಆ ಶ್ರಮವೇ ನಮಗೊಂದು ಬೇಲಿಯಾಗಿತ್ತು.

ಈಗ ಲೆಕ್ಕ ಹಾಕಿ. ಒಬ್ಬರಿಗೆ ದಿನಕ್ಕೆ 30 ಸಾಲು ಅಂದುಕೊಳ್ಳೋಣ. ಕರೆ, ಎಸ್ಸೆಮ್ಮೆಸ್ ಎಲ್ಲ ಸೇರಿ. ಎರಡು ವರ್ಷಕ್ಕೆ ಸುಮಾರು 22 ಸಾವಿರ ಸಾಲು. ಒಂದು ಸಾಲಿಗೆ 200 ಅಕ್ಷರ ಹಿಡಿದರೂ ಒಟ್ಟು ನಾಲ್ಕೂವರೆ ಎಂಬಿ ದಾಟುವುದಿಲ್ಲ. ಹಬ್ಬದ ದಿನ ನೀವು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋದಷ್ಟು. ಅದೇ ಜಾಗದಲ್ಲಿ ಹಳೇ ಟೆಲಿಫೋನ್ ಗುಣಮಟ್ಟದ ಮಾತನ್ನು ಹಾಗೇ ತುಂಬಿದರೆ ಒಂಬತ್ತು ನಿಮಿಷ ಹಿಡಿಯುತ್ತದೆ. ಒಂಬತ್ತು ನಿಮಿಷದ ಮಾತು ಕೇಳಲು ಒಬ್ಬ ಮನುಷ್ಯನಿಗೆ ಒಂಬತ್ತು ನಿಮಿಷ ಬೇಕು. ಕನ್ನಡ, ತುಳು, ಉರ್ದು ಯಾವುದಾದರೂ ಇರಬಹುದು, ಅದು ಬರಬೇಕು. ಎರಡು ವರ್ಷದ ಸಾಲುಗಳಿಗೆ ಭಾಷೆಯೇ ಇಲ್ಲ. ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಅವುಗಳನ್ನು ವಿಂಗಡಿಸಿ, ಇವರು ಅತಿ ಹೆಚ್ಚು ಮಾತಾಡುವುದು ಯಾರ ಹತ್ತಿರ, ರಾತ್ರಿ ಎಲ್ಲಿರುತ್ತಾರೆ, ಯಾವ ದಿನ ದಾರಿ ಬದಲಾಯಿತು ಎಂದು ಹೇಳಿಬಿಡುತ್ತದೆ.

ಪೊಲೀಸರಿಗೆ ಇದು ಬೇಡ ಅಂತ ನಾನು ಹೇಳುತ್ತಿಲ್ಲ. ಕಾಣೆಯಾದ ಮಗುವಿನ ಹುಡುಕಾಟದಲ್ಲಿ ಟವರ್ ಲೊಕೇಶನ್ ಸಿಕ್ಕಿತು ಅಂದರೆ ಹೆತ್ತವರಿಗೆ ಜೀವ ಬಂದ ಹಾಗಾಗುತ್ತದೆ. ನನ್ನ ಆತಂಕ ಬಲೆಯ ಅಗಲದ ಬಗ್ಗೆ. ತನಿಖೆಯಲ್ಲಿ ‘ಟವರ್ ಡಂಪ್’ ಅಂತ ಒಂದಿದೆ. ಇಂಥ ಹೊತ್ತಿನಲ್ಲಿ ಈ ಟವರ್‌ಗೆ ಅಂಟಿದ್ದ ಎಲ್ಲ ನಂಬರ್ ಕೊಡಿ ಅಂತ ಕೇಳುವುದು. ಕಳ್ಳನ ಜೊತೆಗೆ ಹೂವಿನವರು, ಆಟೋದವರು, ಬಾಡಿಗೆ ಮನೆ ಹುಡುಕಲು ಬಂದವರು, ಎಲ್ಲರೂ ಆ ಪಟ್ಟಿಯಲ್ಲಿ. ಅಮೆರಿಕದ ಗೇನ್ಸ್‌ವಿಲ್‌ನಲ್ಲಿ 2019ರಲ್ಲಿ 97 ವರ್ಷದ ಅಜ್ಜಿಯ ಮನೆಯಲ್ಲಿ ಕಳ್ಳತನವಾಯಿತು. ಪೊಲೀಸರು ಆ ಜಾಗದ ಸುತ್ತ ಇದ್ದ ಫೋನುಗಳ ವಿವರವನ್ನು ಗೂಗಲ್‌ನಿಂದ ಕೇಳಿದರು. ಫಿಟ್‌ನೆಸ್ ಆಪ್ ಹಾಕಿಕೊಂಡು ಸೈಕಲ್ ಹೊಡೆಯುತ್ತಿದ್ದ ಒಬ್ಬ ಯುವಕ ಒಂದು ಗಂಟೆಯಲ್ಲಿ ಮೂರು ಸಲ ಆ ಮನೆ ಮುಂದೆ ಹಾದುಹೋಗಿದ್ದ. ಅಷ್ಟಕ್ಕೇ ಅನುಮಾನ ಅವನ ಮೇಲೆ ಬಂತು. ಅಪ್ಪ ಅಮ್ಮ ಉಳಿತಾಯದ ದುಡ್ಡು ತೆಗೆದು ವಕೀಲರನ್ನು ಇಟ್ಟರು. ಕೊನೆಗೆ ಅವನದೇನೂ ತಪ್ಪಿಲ್ಲ ಎಂದಾಯಿತು.

‘ನಾವೇನು ತಪ್ಪು ಮಾಡಿದ್ದೀವಿ, ನೋಡಿದರೆ ನೋಡಲಿ ಬಿಡಿ’ ಎನ್ನುವವರಿಗೆ ನಾನು ಆ ಯುವಕನನ್ನು ತೋರಿಸುತ್ತೇನೆ. ಅವನೂ ತಪ್ಪು ಮಾಡಿರಲಿಲ್ಲ. ಅಪ್ಪನಿಗೆ ಹುಷಾರು ತಪ್ಪುವುದೂ ತಪ್ಪಲ್ಲ. ಆದರೂ ಅದನ್ನು ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಅಂತ ಮನೆಯವರು ಕೂತು ತೀರ್ಮಾನಿಸುತ್ತೇವೆ. ಚಿಕ್ಕಪ್ಪನಿಗೆ ಬೆಳಗಾಗುವವರೆಗೆ ಹೇಳುವುದು ಬೇಡ, ಗಾಬರಿಯಾಗುತ್ತಾರೆ ಎಂದು ಆವತ್ತು ಅಕ್ಕ ಹೇಳಿದ್ದಳು. ಖಾಸಗಿತನ ಅನ್ನುವುದು ನನ್ನ ಮಟ್ಟಿಗೆ ಆ ತೀರ್ಮಾನ ನಮ್ಮ ಕೈಯಲ್ಲಿರುವುದು.

ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ಕಾರ್ಪೆಂಟರ್ ಪ್ರಕರಣದಲ್ಲಿ ಈ ಸಾಲುಗಳ ಭಾರವನ್ನು ಗುರುತಿಸಿತು. ದರೋಡೆ ತನಿಖೆಯಲ್ಲಿ ಪೊಲೀಸರು ಕಾರ್ಪೆಂಟರ್ ಎಂಬ ಆರೋಪಿಯ 127 ದಿನದ ಟವರ್ ದಾಖಲೆ ತೆಗೆಸಿದ್ದರು. ಒಟ್ಟು 12,898 ಬಿಂದು, ದಿನಕ್ಕೆ ನೂರಕ್ಕಿಂತ ಜಾಸ್ತಿ. ಇದಕ್ಕೆ ನ್ಯಾಯಾಧೀಶರ ವಾರಂಟ್ ಬೇಕು ಎಂದು ಐವರು ಹೇಳಿದರು, ನಾಲ್ವರು ಒಪ್ಪಲಿಲ್ಲ.

ನಮ್ಮಲ್ಲೂ ಬಾಗಿಲು ತೆರೆದಿದೆ, ತೆರೆದವರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ನೇ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ಅಲ್ಲಿ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಕ್ಕೊರಲಿನಿಂದ ಅದು ಹಕ್ಕೇ ಎಂದರು. ಸರ್ಕಾರ ಅದಕ್ಕೆ ಕೈ ಹಾಕಬೇಕಾದರೆ ಕಾನೂನು ಇರಬೇಕು, ಸರಿಯಾದ ಉದ್ದೇಶ ಇರಬೇಕು, ಆ ಉದ್ದೇಶಕ್ಕೆ ಬೇಕಾದಷ್ಟೇ ಕೈ ಹಾಕಬೇಕು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡಬಾರದು ಅಂತ ನಾವು ಹೇಳುವುದು ಈ ಮೂರನೆಯದನ್ನೇ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಸಿಡಿಆರ್ ನಿಯಮಗಳನ್ನು ಅವರ ಹೆಸರಿನ ತೀರ್ಪಿನ ಪಕ್ಕದಲ್ಲಿ ಇಟ್ಟು ಅಳೆಯುವ ಕೆಲಸ ಇನ್ನೂ ಬಾಕಿ ಇದೆ. ಸಾಲುಗಳನ್ನು ತೆಗೆಸುವ ಮುಂಚೆ ಒಬ್ಬ ನ್ಯಾಯಾಧೀಶರು ನೋಡಲಿ. ತನಿಖೆ ಮುಗಿದ ಮೇಲಾದರೂ, ‘ನಿಮ್ಮ ದಾಖಲೆ ನೋಡಿದ್ದೇವೆ’ ಎಂದು ಆ ವ್ಯಕ್ತಿಗೆ ಒಂದು ಕಾಗದ ಬರಲಿ. ಇದು ಜಾಸ್ತಿ ಕೇಳಿದಂತೆ ನನಗೆ ಅನಿಸುವುದಿಲ್ಲ.

ಹಳೇ ಫೋನನ್ನು ಭಾನುವಾರ ಪೂರ್ತಿ ಅಳಿಸಿ ಅಕ್ಕನ ಮಗನಿಗೆ ಕೊಟ್ಟೆ. 2:12ರಿಂದ 11 ಗಂಟೆಯವರೆಗಿನ ಆ ಎಂಟು ಸಾಲೂ ಹೋದವು. ಆದರೆ ಕಂಪನಿಗಳು ಕರೆ ದಾಖಲೆಯನ್ನು ಒಂದಲ್ಲ, ಕನಿಷ್ಠ ಎರಡು ವರ್ಷ ಇಟ್ಟುಕೊಂಡಿರಬೇಕು ಎಂದು 2021ರ ಡಿಸೆಂಬರಿನಲ್ಲಿ ದೂರಸಂಪರ್ಕ ಇಲಾಖೆ ಪರವಾನಗಿಯ ಷರತ್ತನ್ನು ಬದಲಾಯಿಸಿದೆ. ಕಂಪನಿಯ ಕಂಪ್ಯೂಟರಿನಲ್ಲಿ ಆ ರಾತ್ರಿ ಇನ್ನೂ ಎಂಟು ತಿಂಗಳಾದರೂ ಇರುತ್ತದೆ, ಆಸ್ಪತ್ರೆಯ ಪಕ್ಕದ ಟವರ್ ಸಮೇತ.