ವೋರ್‌ಕಂಪನಿ: ಒಂದೇ ಪಯಣದ ಕಂಪನಿ

ಡಚ್ ಭಾಷೆಯಲ್ಲಿ 'ವೋರ್' ಅಂದರೆ ಮುಂಚಿನ. ಹಾಗಾಗಿ 'ವೋರ್‌ಕಂಪನಿ' ಅಂದರೆ ಮುಂಚಿನ ಕಂಪನಿ. ಯಾವುದಕ್ಕಿಂತ ಮುಂಚೆ? 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಗಿಂತ. ಇದು ಇತಿಹಾಸಕಾರರು ಆಮೇಲೆ ಇಟ್ಟ ಹೆಸರು. ತಾವು ಯಾವುದಕ್ಕೋ 'ಮುಂಚಿನವರು' ಅಂತ ಆ ವರ್ತಕರಿಗೆ ಹೇಗೆ ಗೊತ್ತಿರಬೇಕು, ಅಲ್ವಾ?

ಮೊದಲನೆಯದನ್ನು 1594ರಲ್ಲಿ ಆಮ್‌ಸ್ಟರ್‌ಡಾಮಿನ ಒಂಬತ್ತು ವರ್ತಕರು ಕಟ್ಟಿದರು. ಹೆಸರು 'ಕಂಪನಿ ವಾನ್ ವೆರ್ರೆ', ಅಂದರೆ ದೂರದ ನಾಡಿನ ಕಂಪನಿ. ಇಂಥ ಕಂಪನಿಯ ಆಯಸ್ಸು ಒಂದು ಪಯಣದಷ್ಟೇ. ದುಡ್ಡು ಹಾಕಿ ಹಡಗು ಕಳಿಸುವುದು. ಅದು ವಾಪಸ್ ಬಂದ ಮೇಲೆ ಸರಕು ಮಾರಿ, ಪಾಲಿಗೆ ತಕ್ಕಂತೆ ಹಂಚಿಕೊಂಡು, ಲೆಕ್ಕ ಚುಕ್ತಾ ಮಾಡುವುದು. ನಮ್ಮಲ್ಲಿ ನಾಲ್ಕು ಜನ ಕೂಡಿ ಒಂದು ಫಸಲಿಗೆ ಮಾವಿನ ತೋಪು ಗುತ್ತಿಗೆ ಹಿಡಿಯುತ್ತಾರಲ್ಲ, ಹಾಗೆ.

ಆದರೆ ತೋಪು ಕಣ್ಣೆದುರಿಗಿರುತ್ತದೆ. ಇಲ್ಲಿ 1595ರ ಏಪ್ರಿಲ್‌ನಲ್ಲಿ ಕಾರ್ನೆಲಿಸ್ ಡಿ ಹೌಟ್‌ಮನ್ ಜೊತೆ ನಾಲ್ಕು ಹಡಗುಗಳಲ್ಲಿ ಸುಮಾರು 250 ಜನ ಹೊರಟರು. ಹಣ್ಣು, ಸೊಪ್ಪು ಇಲ್ಲದೆ ಸ್ಕರ್ವಿ ಹತ್ತಿಕೊಂಡಿತು. ಒಸಡು ಊದಿ ರಕ್ತ ಸೋರುವ, ಹಲ್ಲು ಸಡಿಲವಾಗುವ ರೋಗ ಅದು. ಈಗಿನ ಇಂಡೋನೇಷ್ಯಾದ ಜಾವಾ ದ್ವೀಪದ ಬಾಂಟೆನ್ ಬಂದರು ಸಿಕ್ಕಿದ್ದು ಸುಮಾರು 15 ತಿಂಗಳ ನಂತರ. 1597ರಲ್ಲಿ ಊರು ಸೇರಿದ್ದು ಮೂರು ಹಡಗು, 90ಕ್ಕೂ ಕಡಿಮೆ ಜನ. ಲಾಭದ ಮಾತು ಬಂದಾಗಲೆಲ್ಲ ನನಗೆ ಈ ಲೆಕ್ಕವೇ ಮೊದಲು ನೆನಪಾಗುತ್ತದೆ.

ತಂದ ಮೆಣಸು ಜಾಸ್ತಿ ಇರಲಿಲ್ಲ. ಆದರೆ ದಾರಿ ತೆರೆದಿತ್ತು. 1598ರಲ್ಲಿ ಯಾಕೊಬ್ ವಾನ್ ನೆಕ್ ಎಂಟು ಹಡಗು ಒಯ್ದರು. ಮರು ವರ್ಷವೇ ನಾಲ್ಕು ಹಡಗು ತುಂಬಾ ಮೆಣಸು ಬಂತು. ಉಳಿದವು ಲವಂಗದ ಟರ್ನಾಟೆ, ಜಾಯಿಕಾಯಿಯ ಬಾಂಡಾ ದ್ವೀಪಗಳ ಕಡೆ ಮುಂದುವರಿದವು. ಪುಲಾವಿಗೆ ಹಾಕುವ ಜಾಪತ್ರೆ ಗೊತ್ತಲ್ಲ, ಜಾಯಿಕಾಯಿಗೆ ಸುತ್ತಿಕೊಂಡಿರುವ ಕೆಂಪು ಜಾಲರಿ ಅದು. ಆಗ ಜಗತ್ತಿನ ಪೇಟೆಗಳಿಗೆ ಜಾಯಿಕಾಯಿ, ಜಾಪತ್ರೆ ಎರಡೂ ಬರುತ್ತಿದ್ದದ್ದು ಬಾಂಡಾದ ಆ ಪುಟ್ಟ ದ್ವೀಪಗಳಿಂದಲೇ.

ಆಮೇಲೆ ಊರಿಗೊಂದು ಕಂಪನಿ ಎದ್ದಿತು. ಎಲ್ಲರೂ ಪೈಪೋಟಿಗೆ ಬಿದ್ದು ಕೊಂಡರೆ ಬಾಂಟೆನ್‌ನಲ್ಲಿ ದರ ಏರುತ್ತದೆ. ಎಲ್ಲರೂ ತಂದು ಸುರಿದರೆ ಊರಲ್ಲಿ ದರ ಇಳಿಯುತ್ತದೆ. ಡಚ್ ರಾಜಕಾರಣಿ ಓಲ್ಡೆನ್‌ಬಾರ್ನೆವೆಲ್ಟ್ ಒತ್ತಾಯ ಮಾಡಿ, 1602ರ ಮಾರ್ಚ್‌ನಲ್ಲಿ ಇವನ್ನೆಲ್ಲ ಒಂದು ಮಾಡಿಸಿದರು. ಹೊಸ ಕಂಪನಿಯ ಹೆಸರಿನಲ್ಲೇ 'ವೆರೆನಿಖ್ಡೆ', ಅಂದರೆ 'ಕೂಡಿದ' ಅನ್ನುವ ಪದವಿದೆ. ಕೂಡಿದ್ದು ಈ ವೋರ್‌ಕಂಪನಿಗಳೇ. ಹಳೆಯ ಊರುಗಳು ಮಾತ್ರ ಕರಗಿಹೋಗಲಿಲ್ಲ. ಆಮ್‌ಸ್ಟರ್‌ಡಾಮ್, ಮಿಡಲ್‌ಬರ್ಗ್, ಡೆಲ್ಫ್ಟ್, ರಾಟರ್‌ಡಾಮ್, ಹೋರ್ನ್, ಎಂಕ್‌ಹೌಸನ್ ಆರೂ ಕಡೆ ಕಂಪನಿಯ ಬೇರೆ ಬೇರೆ ಶಾಖೆಗಳು ಉಳಿದವು.